ಬಡಿದುಕೊಳ್ಳುವ ಎದೆಗೆ ಚೀನಾದ ಕಷಾಯ: ಒಳಗೇನಿದೆ, ಪುರಾವೆ ಏನಿದೆ?

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಬೆಳಗಾದರೆ ಸುದ್ದಿಯಾಗುತ್ತಿದ್ದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಿಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಹೀಗೆ ಹೆದರಿ ಬರುವವರೆಲ್ಲರ ಹೃದಯವೂ ಕೆಟ್ಟಿರುವುದಿಲ್ಲ. ಇಸಿಜಿ ಸರಿಯಾಗಿದೆ, ಎಕೋ ಸರಿಯಾಗಿದೆ, ನಿಶ್ಚಿಂತೆಯಿಂದ ಮನೆಗೆ ಹೋಗಿ ಎಂದು ವೈದ್ಯರು ಹೇಳಿ ಕಳುಹಿಸಿದ ಮೇಲೂ ರಾತ್ರಿ ಹಾಸಿಗೆಗೆ ಒರಗಿದೊಡನೆ ಎದೆ ಡವಡವ ಹೊಡೆದುಕೊಳ್ಳುವವರಿದ್ದಾರೆ. ಔಷಧಿಯನ್ನೇ ಬರೆದುಕೊಡಲಿಲ್ಲವಲ್ಲ ಎಂಬ ಕೊರಗಿನಲ್ಲಿ ಅವರು ಮೊಬೈಲ್ ಹಿಡಿದು ಹುಡುಕಿದರೆ ಸಿಗುವ ಉತ್ತರಗಳಲ್ಲಿ ಚೀನಾದ ಗಿಡಮೂಲಿಕೆಗಳೂ ಸೇರಿವೆ. ಎಲಚಿಯ ಬೀಜದ ಕಷಾಯ, ಜೇನಿನಲ್ಲಿ ಹುರಿದ ಅತಿಮಧುರ, ಮನಸ್ಸನ್ನು ತಣಿಸುತ್ತದೆ ಎನ್ನುವ ಗುಳಿಗೆ. ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗಾದರೆ ಹುಡುಕುವ ಕಷ್ಟವೂ ಇಲ್ಲ. ಅಲ್ಲಿನ ಪೇಟೆಗಳಲ್ಲಿ ಚೀನೀ ಮದ್ದಿನ ಅಂಗಡಿ ಸಾಮಾನ್ಯ ಸಂಗತಿ.

ಆತಂಕಕ್ಕೂ ಎದೆಬಡಿತಕ್ಕೂ ಏನು ನಂಟು?

ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಅಂಗಾಂಶವಿದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಅದರ ತಾಳಕ್ಕೆ ಹೃದಯ ಬಡಿಯುತ್ತದೆ. ಭಯವಾದಾಗ ಮಿದುಳು ನರಗಳ ಮೂಲಕ ಈ ತಾಳವನ್ನು ಏರಿಸುತ್ತದೆ. ಜೊತೆಗೆ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸುರಿಸುತ್ತದೆ. ಬಡಿತದ ವೇಗವೂ ಹೆಚ್ಚುತ್ತದೆ, ಒಂದೊಂದು ಬಡಿತದ ಹೊಡೆತವೂ ಗಟ್ಟಿಯಾಗುತ್ತದೆ. ಅದನ್ನು ಗಮನಿಸಿದವರಿಗೆ ಇನ್ನಷ್ಟು ಭಯವಾಗುತ್ತದೆ, ಆ ಭಯ ಇನ್ನಷ್ಟು ಅಡ್ರಿನಲಿನ್ ತರುತ್ತದೆ.

ಕೊಳವೆಬಾವಿಯ ಪಂಪ್‌ಸೆಟ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೋಲ್ಟೇಜ್ ಏರಿಳಿದರೆ ಮೋಟಾರು ವಿಚಿತ್ರವಾಗಿ ಗುಂಯ್‌ಗುಡುತ್ತದೆ. ಮೋಟಾರು ಗಟ್ಟಿಮುಟ್ಟಾಗಿಯೇ ಇದೆ, ಬರುತ್ತಿರುವ ಕರೆಂಟು ಸರಿಯಿಲ್ಲ. ಆದರೆ ಕೆಲವೊಮ್ಮೆ ಮೋಟಾರಿನ ಸುರುಳಿಯೇ ಸುಟ್ಟಿರುತ್ತದೆ; ಹೊರಗೆ ನಿಂತು ಕೇಳುವವರಿಗೆ ಎರಡರ ಸದ್ದೂ ಹೆಚ್ಚುಕಡಿಮೆ ಒಂದೇ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಏಟ್ರಿಯಲ್ ಫಿಬ್ರಿಲೇಶನ್‌ನಂಥ ತಾಳದ ದೋಷ, ಅತಿಯಾದ ಕಾಫಿ, ಇವೆಲ್ಲವೂ ಎದೆ ಹೊಡೆದುಕೊಳ್ಳುವಂತೆ ಮಾಡುತ್ತವೆ. ಇಸಿಜಿ ಮತ್ತು ರಕ್ತಪರೀಕ್ಷೆ ಮೊದಲು ಆಗಬೇಕು ಎನ್ನುವುದು ಈ ಕಾರಣಕ್ಕೆ.

ಈ ತೊಂದರೆ ಹೊಸದೇನಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಇಂಥದ್ದೇ ಲಕ್ಷಣಗಳನ್ನು ಕಂಡ ಜೇಕಬ್ ಮೆಂಡಿಸ್ ಡಕೋಸ್ಟಾ ಎಂಬ ವೈದ್ಯ 1871ರಲ್ಲಿ ಅದನ್ನು ವಿವರವಾಗಿ ದಾಖಲಿಸಿದ್ದ. ಇಂದಿನ ಚೀನಾದ ಆಸ್ಪತ್ರೆಗಳಲ್ಲಿ, ಪರೀಕ್ಷೆಗಳೆಲ್ಲ ಸರಿಯಿದ್ದೂ ಎದೆಯ ದೂರು ಹೇಳುವವರಿಗೆ 'ಹೃದಯದ ನರರೋಗ' ಎಂಬ ಅರ್ಥದ ಹೆಸರನ್ನು ಬರೆಯುವ ರೂಢಿ ಇದೆ. ಇಂಥ ರೋಗಿಗಳೇ ಗಿಡಮೂಲಿಕೆಯ ವಿಭಾಗಕ್ಕೂ ಹೋಗುತ್ತಾರೆ. ಚೀನಾದಲ್ಲಿ ಎರಡೂ ಪದ್ಧತಿಗಳು ಸರ್ಕಾರಿ ವ್ಯವಸ್ಥೆಯ ಒಳಗೇ ಇರುವುದರಿಂದ ಅದು ಅಲ್ಲಿ ಕದ್ದುಮುಚ್ಚಿ ಮಾಡುವ ಕೆಲಸವಲ್ಲ.

ಚೀನೀ ವೈದ್ಯದ 'ಹೃದಯ'

ಎರಡು ಸಾವಿರ ವರ್ಷಗಳ ಆಸುಪಾಸಿನ 'ಹುವಾಂಗ್‌ದಿ ನೆಜಿಂಗ್' ಚೀನೀ ವೈದ್ಯದ ಮೂಲಗ್ರಂಥ. ಅದರಲ್ಲಿ ಹೃದಯಕ್ಕೆ ಅರಸನ ಪಟ್ಟ. ಉಳಿದ ಅಂಗಗಳು ಅವನ ಅಧಿಕಾರಿಗಳು. ರಕ್ತವನ್ನು ನಡೆಸುವುದರ ಜೊತೆಗೆ 'ಶೆನ್' ಎಂಬುದಕ್ಕೆ ಆಶ್ರಯ ಕೊಡುವುದೂ ಹೃದಯದ ಕೆಲಸ. ಶೆನ್ ಎಂದರೆ ಎಚ್ಚರ, ನೆನಪು, ಮನಸ್ಸಿನ ಸ್ವಸ್ಥತೆ ಎಲ್ಲವೂ ಸೇರಿದ್ದು. ಹೃದಯಕ್ಕೆ ರಕ್ತದ ಪೋಷಣೆ ಸಾಲದಾದರೆ ಶೆನ್ ನೆಲೆ ತಪ್ಪುತ್ತದೆ. ಆಗ ನಿದ್ದೆ ಬಾರದು, ಎದೆ ಹಾರುತ್ತದೆ, ಸಣ್ಣ ಸದ್ದಿಗೂ ಬೆಚ್ಚುವಂತಾಗುತ್ತದೆ. ಹೀಗಾಗಿ ಎದೆಬಡಿತ, ಆತಂಕ, ನಿದ್ರಾಹೀನತೆ ಮೂರನ್ನೂ ಒಂದೇ ಕಾಯಿಲೆಯ ಮೂರು ಮುಖಗಳೆಂದು ಚೀನೀ ವೈದ್ಯರು ನೋಡುತ್ತಾರೆ. ಗಾಬರಿ ಬಿದ್ದಾಗ ಬಂದು ಹೋಗುವ ಬಡಿತಕ್ಕೆ ಒಂದು ಹೆಸರು, ಕಾರಣವೇ ಇಲ್ಲದೆ ಹಗಲಿರುಳು ಕಾಡುವ ಬಡಿತಕ್ಕೆ ಇನ್ನೊಂದು ಹೆಸರು, ಎರಡನೆಯದು ಗಂಭೀರ.

ಮುಂದಿನ ಪ್ರಶ್ನೆ, ಶೆನ್ ಕದಡಿದ್ದೇಕೆ? ಉತ್ತರ ಪ್ರತಿ ರೋಗಿಗೂ ಬೇರೆ. ಅತಿಯಾಗಿ ಯೋಚಿಸಿ ಗುಲ್ಮ ಸೋತರೆ ರಕ್ತ ಸಾಕಷ್ಟು ಹುಟ್ಟುವುದಿಲ್ಲ. ಅಂಥವರು ಬಿಳಿಚಿಕೊಂಡಿರುತ್ತಾರೆ, ಬೇಗ ದಣಿಯುತ್ತಾರೆ. ಮೂತ್ರಪಿಂಡದ 'ನೀರು' ಕಡಿಮೆಯಾದರೆ ಹೃದಯದ 'ಬೆಂಕಿ'ಯನ್ನು ತಣಿಸುವವರಿಲ್ಲ. ಅಂಥವರಿಗೆ ರಾತ್ರಿ ಬೆವರು, ಒಣಗಿದ ಬಾಯಿ, ಕೆಂಪು ನಾಲಿಗೆ. ಕಫ ಕಟ್ಟಿಕೊಂಡು ಬಿಸಿಯೇರಿದವರದು ಇನ್ನೊಂದು ಬಗೆ. ವೈದ್ಯರು ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಕಡೆ ನಾಡಿ ಹಿಡಿಯುತ್ತಾರೆ. ಎಡ ಮಣಿಕಟ್ಟಿನಲ್ಲಿ ಅಂಗೈಗೆ ಹತ್ತಿರದ ಜಾಗ ಹೃದಯದ್ದು. ನಾಲಿಗೆಯ ತುದಿಯೂ ಹೃದಯದ್ದೇ. ಒಂದೇ ಮನೆಯ ಇಬ್ಬರು ಎದೆಬಡಿತವೆಂದು ಹೋದರೆ ಬೇರೆ ಬೇರೆ ಪೊಟ್ಟಣ ಹಿಡಿದು ಬರಬಹುದು.

ವಾತ, ಪಿತ್ತ, ಕಫದ ಮಾತು ಕೇಳಿ ಬೆಳೆದ ನಮ್ಮವರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಅಪಾಯ ಇರುವುದೂ ಅಲ್ಲೇ. ಚೀನೀ ವೈದ್ಯರು 'ಹೃದಯದ ರಕ್ತ ಕಡಿಮೆಯಾಗಿದೆ' ಎಂದರೆ ಹಿಮೋಗ್ಲೋಬಿನ್ ಇಳಿದಿದೆ ಎಂದಲ್ಲ. 'ಮೂತ್ರಪಿಂಡ ಸೋತಿದೆ' ಎಂದರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಏರಿದೆ ಎಂದಲ್ಲ. ಒಂದು ಪದ್ಧತಿಯ ರೋಗನಿರ್ಣಯವನ್ನು ಇನ್ನೊಂದರ ವರದಿಯ ಜೊತೆ ತಾಳೆ ಹಾಕಲು ಹೊರಟರೆ ಗೊಂದಲವೇ ಗತಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಪಾರಂಪರಿಕ ಹೆಸರುಗಳಿಗೂ ಒಂದು ಅಧ್ಯಾಯ ಇದೆ. ಅದು ಲೆಕ್ಕ ಇಡುವುದಕ್ಕಾಗಿ ಮಾಡಿದ ಏರ್ಪಾಡು. ಮದ್ದು ಕೆಲಸ ಮಾಡುತ್ತದೆ ಎಂಬ ಮುದ್ರೆಯಲ್ಲ.

ಮಡಕೆಗೆ ಬೀಳುವುದೇನು?

ಚೀನೀ ವೈದ್ಯದಲ್ಲಿ ಒಂಟಿ ಮೂಲಿಕೆ ಕೊಡುವುದು ಅಪರೂಪ. ಹಲವು ಮೂಲಿಕೆಗಳ ಯೋಗವನ್ನು, ಅಂದರೆ ಮಿಶ್ರಣವನ್ನು ಕಟ್ಟುತ್ತಾರೆ. ಅದರಲ್ಲಿ ಅರಸ, ಮಂತ್ರಿ, ಸಹಾಯಕ, ದೂತ ಎಂದು ದರ್ಜೆಗಳಿವೆ. ಅರಸ ಮುಖ್ಯ ಕೆಲಸ ಮಾಡಿದರೆ ಸಹಾಯಕ ಅವನ ಅತಿರೇಕವನ್ನು ತಡೆಯುತ್ತಾನೆ. ಎಲ್ಲವನ್ನೂ ನೆನೆಸಿ, ಕುದಿಸಿ, ಬತ್ತಿಸಿ, ಸೋಸಿ ಕುಡಿಯುವುದು ಹಳೆಯ ಕ್ರಮ. ಇಂದು ಬಿಸಿನೀರಿಗೆ ಸುರಿದುಕೊಳ್ಳುವ ಹರಳುಪುಡಿಯ ಪೊಟ್ಟಣಗಳು, ಗುಳಿಗೆಗಳು, ಕ್ಯಾಪ್ಸೂಲುಗಳು ಬಂದಿವೆ.

ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಸುವಾನ್ ಜಾವೊ ರೆನ್ ಟಾಂಗ್. ಟಾಂಗ್ ಎಂದರೆ ಕಷಾಯ, ಉಳಿದದ್ದು ಹುಳಿ ಎಲಚಿಯ ಬೀಜ. ನಮ್ಮ ಹೊಲದ ಬದುವಿನ ಎಲಚಿಯ ಕುಲಕ್ಕೇ ಸೇರಿದ ಮುಳ್ಳುಗಿಡವಿದು. ಹಣ್ಣನ್ನು ಬಿಟ್ಟು, ಓಟೆಯೊಳಗಿನ ಬೀಜವನ್ನು ಹುರಿದು ಜಜ್ಜಿ ಬಳಸುತ್ತಾರೆ. ಕ್ರಿ.ಶ. 200ರ ಸುಮಾರಿಗೆ, ಹಾನ್ ಅರಸೊತ್ತಿಗೆಯ ಕೊನೆಗಾಲದಲ್ಲಿ ಬದುಕಿದ್ದ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಇದನ್ನು 'ದಣಿದು, ಮನಸ್ಸು ಕದಡಿ, ನಿದ್ದೆ ಬಾರದವರಿಗೆ' ಎಂದು ಬರೆದಿಟ್ಟಿದ್ದಾನೆ. ಮಾಡುವ ಬಗೆಯೂ ಇದೆ: ಎಂಟು ಅಳತೆ ನೀರಿನಲ್ಲಿ ಬೀಜವನ್ನು ಮಾತ್ರ ಹಾಕಿ ಆರಕ್ಕೆ ಬತ್ತಿಸಬೇಕು, ಆಮೇಲೆ ಉಳಿದ ನಾಲ್ಕು ಪದಾರ್ಥಗಳನ್ನು ಹಾಕಿ ಮೂರಕ್ಕೆ ಇಳಿಸಬೇಕು, ಮೂರು ಹೊತ್ತು ಬೆಚ್ಚಗೆ ಕುಡಿಯಬೇಕು. ಆ ನಾಲ್ಕರಲ್ಲಿ ಒಂದು ಫು ಲಿಂಗ್, ಪೈನ್ ಮರದ ಬೇರಿಗೆ ಅಂಟಿ ನೆಲದೊಳಗೆ ಗೆಡ್ಡೆಯಂತೆ ಬೆಳೆಯುವ ಶಿಲೀಂಧ್ರ. ಬೇರನ್ನು ಸುತ್ತಿಕೊಂಡಿರುವ ಅದರ ನಡುಭಾಗ ಮನಸ್ಸಿಗೆ ಇನ್ನೂ ಒಳ್ಳೆಯದೆಂದು ನಂಬಿಕೆ. ಅಂಗಡಿಯಲ್ಲಿ ಅದನ್ನು ಬೇರೆ ಹೆಸರಿಟ್ಟು ಮಾರುತ್ತಾರೆ.

ಯೋಚನೆಯಿಂದ ಸೊರಗಿದವರಿಗೆ ಗುಯ್ ಪಿ ಟಾಂಗ್. 1253ರ ಒಂದು ಗ್ರಂಥದಲ್ಲಿ ಮೊದಲು ಕಾಣಿಸಿಕೊಂಡ ಈ ಯೋಗಕ್ಕೆ ಮಿಂಗ್ ಕಾಲದಲ್ಲಿ ಇನ್ನೆರಡು ಮೂಲಿಕೆಗಳು ಸೇರಿದವು. ಇದರಲ್ಲಿ ಜಿನ್‌ಸೆಂಗ್, ಶುಂಠಿ, ಎಲಚಿ ಬೀಜದ ಜೊತೆ ಲಿಚಿಯ ಬಂಧುವಾದ ಲಾಂಗನ್ ಹಣ್ಣಿನ ಒಣಗಿಸಿದ ತಿರುಳೂ ಇದೆ. ಲಾಂಗನ್ ಮರಗಳು ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಇವೆ. ಒಳಗೆ ಬಿಸಿಯೇರಿ ನಿದ್ದೆಗೆಟ್ಟವರಿಗೆ ಟಿಯನ್ ವಾಂಗ್ ಬು ಶಿನ್ ಡಾನ್ ಎಂಬ ಗುಳಿಗೆ. ಅತ್ತು ಕರೆದು ಕಂಗೆಡುವವರಿಗೆ ಗೋಧಿ, ಅತಿಮಧುರ, ಕೆಂಪು ಎಲಚಿ ಹಣ್ಣು ಮೂರೇ ಸೇರಿದ, ಅಡುಗೆಮನೆಯಲ್ಲೇ ಆಗಬಹುದಾದ ಕಷಾಯ.

ಇವೆಲ್ಲ ಮನಸ್ಸಿನ ಕಡೆ ಒಲಿದ ಮದ್ದುಗಳು. ನೇರವಾಗಿ ಹೃದಯದ ತಾಳಕ್ಕೇ ಕೈ ಹಾಕುವವೂ ಇವೆ. ಚೀನಾದ ಆಸ್ಪತ್ರೆಗಳಲ್ಲಿ ಬಹಳ ಬಳಕೆಯಲ್ಲಿರುವ ವೆನ್‌ಶಿನ್ ಕೆಲಿ ಎಂಬ ಹರಳುಪುಡಿಯಲ್ಲಿ ಐದು ಪದಾರ್ಥಗಳು. ಅವುಗಳಲ್ಲಿ ಒಂದು ಗಾನ್ ಸೊಂಗ್, ಅಂದರೆ ಆಯುರ್ವೇದ ಮನಸ್ಸಿಗೂ ನಿದ್ದೆಗೂ ಬಳಸುವ ಹಿಮಾಲಯದ ಜಟಾಮಾಂಸಿ! ಎರಡು ಪರಂಪರೆಗಳೂ ಒಂದೇ ಬೇರಿಗೆ ಕೈ ಚಾಚಿರುವುದು ಕುತೂಹಲದ ಸಂಗತಿ ಹೌದು. ಆದರೆ ಅದನ್ನೇ ಪುರಾವೆ ಎಂದುಕೊಳ್ಳಲಾಗದು.

ಅತಿಮಧುರದ ತಕರಾರು

ಜಾಂಗ್ ಜೊಂಗ್‌ಜಿಂಗ್ ಬರೆದಿಟ್ಟ ಇನ್ನೊಂದು ಯೋಗ ಜಿ ಗಾನ್ ತ್ಸಾವೊ ಟಾಂಗ್. ನಾಡಿ ನಡುನಡುವೆ ತಪ್ಪುತ್ತಿದ್ದು ಎದೆ ಹೊಡೆದುಕೊಳ್ಳುವವರಿಗೆ ಇದನ್ನು ಕೊಡಬೇಕೆಂದು ಆತ ಸ್ಪಷ್ಟವಾಗಿ ಹೇಳಿದ್ದಾನೆ. ಏಳು ಅಳತೆ ಮದ್ಯ, ಎಂಟು ಅಳತೆ ನೀರು ಸೇರಿಸಿ ಕುದಿಸುವ ಈ ಕಷಾಯದ ಹೆಸರಿನಲ್ಲಿರುವ ಮೂಲಿಕೆಯೇ ಹುರಿದ ಅತಿಮಧುರ. ಜಪಾನಿನಲ್ಲೂ ಇದು ಇಂದಿಗೂ ಬಳಕೆಯಲ್ಲಿದೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ 1976ರಿಂದ ಇಂಥ ಹಲವು ಸಿದ್ಧ ಯೋಗಗಳಿಗೆ ಹಣ ಕೊಡುತ್ತಿದೆ.

ಕೆಮ್ಮಿಗೆ ಅತಿಮಧುರದ ಕಡ್ಡಿ ಜಗಿದು ಬೆಳೆದ ನಮಗೆ ಅದರಿಂದ ತೊಂದರೆಯಾದೀತೆಂದು ತೋಚುವುದೇ ಇಲ್ಲ. ಅದರ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ವಸ್ತು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವದ ಕೆಲಸ, ದೇಹದ ಕಾರ್ಟಿಸಾಲ್ ಹಾರ್ಮೋನು ಉಪ್ಪನ್ನು ಹಿಡಿದಿಡುವ ಹಾರ್ಮೋನಿನಂತೆ ವರ್ತಿಸದ ಹಾಗೆ ನೋಡಿಕೊಳ್ಳುವುದು. ಅದು ನಿಂತರೆ ದೇಹದಲ್ಲಿ ಉಪ್ಪು, ನೀರು ಉಳಿಯುತ್ತವೆ, ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ. ಪೊಟ್ಯಾಸಿಯಂ ಕಡಿಮೆಯಾದ ಹೃದಯದ ತಾಳ ತಪ್ಪುತ್ತದೆ. ಎದೆಬಡಿತಕ್ಕೆಂದು ಕುಡಿದದ್ದೇ ಎದೆಬಡಿತ ತರಬಹುದು.

ಇದು ಬರಿಯ ಊಹೆಯಲ್ಲ. 40 ದಾಟಿದವರು ದಿನಕ್ಕೆ ಸುಮಾರು 57 ಗ್ರಾಂ ಅತಿಮಧುರದ ಕಪ್ಪು ಮಿಠಾಯಿಯನ್ನು ಎರಡು ವಾರ ತಿಂದರೆ ಹೃದಯದ ತಾಳ ಕೆಟ್ಟು ಆಸ್ಪತ್ರೆ ಸೇರಬೇಕಾಗಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಜಪಾನಿನಲ್ಲಿ ಅತಿಮಧುರವಿರುವ ಯೋಗಗಳ ಮಾಹಿತಿಪತ್ರದಲ್ಲೂ ಈ ಎಚ್ಚರಿಕೆ ಇರುತ್ತದೆ. ಚೀನೀ ಯೋಗಗಳಲ್ಲಿ ಅತಿಮಧುರ ಎಷ್ಟು ಸಾಮಾನ್ಯವೆಂದರೆ, ಎರಡು ಬೇರೆ ಬೇರೆ ಕಷಾಯ ಕುಡಿಯುವವರು ತಮಗರಿವಿಲ್ಲದೆ ಅದನ್ನು ದುಪ್ಪಟ್ಟು ನುಂಗುತ್ತಿರಬಹುದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಡಿಗಾಕ್ಸಿನ್ ನುಂಗುವ ಹೃದ್ರೋಗಿಗಳಿಗೆ ಈ ಪೊಟ್ಯಾಸಿಯಂ ನಷ್ಟ ಇನ್ನೂ ಕೆಟ್ಟದ್ದು.

ಗಿಡಮೂಲಿಕೆಯಲ್ಲಿ ಗಿಡವಲ್ಲದ್ದು

ಮೇಲೆ ಹೇಳಿದ ಜಿ ಗಾನ್ ತ್ಸಾವೊ ಟಾಂಗ್ ಕಷಾಯದಲ್ಲೇ ಕತ್ತೆಯ ಚರ್ಮ ಬೇಯಿಸಿ ತೆಗೆದ ಅಂಟು ಸೇರುತ್ತದೆ. ಈ ಅಂಟಿಗಾಗಿ ನಡೆಯುವ ಚರ್ಮದ ವ್ಯಾಪಾರ ಎಷ್ಟು ಬೆಳೆಯಿತೆಂದರೆ, ಆಫ್ರಿಕಾದ ದೇಶಗಳ ಒಕ್ಕೂಟ 2024ರಲ್ಲಿ ಕತ್ತೆಗಳನ್ನು ಚರ್ಮಕ್ಕಾಗಿ ಕಡಿಯುವುದರ ಮೇಲೆ ನಿಷೇಧ ಹೇರಲು ತೀರ್ಮಾನಿಸಿತು. ಎದೆಬಡಿತದ ಇನ್ನೊಂದು ಪ್ರಸಿದ್ಧ ಕ್ಯಾಪ್ಸೂಲಿನಲ್ಲಿ ಒಂದು ಬಗೆಯ ಜಿರಲೆಯ ಪುಡಿ ಇದೆ. ಸಸ್ಯಾಹಾರಿಗಳು 'ಹರ್ಬಲ್' ಎಂಬ ಚೀಟಿಯನ್ನಷ್ಟೇ ನಂಬಿದರೆ ಮೋಸ ಹೋಗುತ್ತಾರೆ.

ಬೆಚ್ಚುವ ಮನಸ್ಸಿಗೆ ಭಾರ ಕೊಟ್ಟು ಕೂರಿಸಬೇಕೆಂಬುದು ಹಳೆಯ ತರ್ಕ. ಅದರಂತೆ ಸಿಂಪಿಚಿಪ್ಪು, 'ಡ್ರ್ಯಾಗನ್ ಮೂಳೆ'ಗಳನ್ನೂ ಕುದಿಸುತ್ತಾರೆ. ಡ್ರ್ಯಾಗನ್ ಮೂಳೆ ಎಂದರೆ ಪ್ರಾಚೀನ ಪ್ರಾಣಿಗಳ ಕಲ್ಲಾದ ಎಲುಬು. 1935ರಲ್ಲಿ ಹಾಂಗ್‌ಕಾಂಗ್‌ನ ಮದ್ದಿನಂಗಡಿಯೊಂದರ ಇಂಥ ರಾಶಿಯಲ್ಲೇ ಫಾನ್ ಕ್ಯೋನಿಗ್ಸ್‌ವಾಲ್ಡ್ ಎಂಬ ವಿಜ್ಞಾನಿಗೆ ಗೈಗಾಂಟೊಪಿತೆಕಸ್ ಎಂಬ ಅಳಿದುಹೋದ ದೈತ್ಯ ವಾನರನ ಹಲ್ಲು ಸಿಕ್ಕಿತು. ಎಷ್ಟು ಪಳೆಯುಳಿಕೆಗಳು ಪುಡಿಯಾಗಿ ಹೊಟ್ಟೆ ಸೇರಿವೆಯೋ!

ನಿಜಕ್ಕೂ ಹೆದರಬೇಕಾದದ್ದು ಜೂ ಶಾ. ನಮ್ಮ ರಸಶಾಸ್ತ್ರದಲ್ಲಿ ಹಿಂಗುಲವೆಂದು ಕರೆಯುವ, ಪಾದರಸ ಮತ್ತು ಗಂಧಕದ ಕೆಂಪು ಖನಿಜವಿದು. ಟಿಯನ್ ವಾಂಗ್ ಗುಳಿಗೆಗೆ ಇದರ ಲೇಪ ಹಚ್ಚುವುದು ಹಳೆಯ ಪದ್ಧತಿ. ಇಂದು ಲೇಪವಿಲ್ಲದವೂ ಬರುತ್ತವೆ. ಪಾದರಸ ದೇಹದಲ್ಲಿ ಸೇರಿಕೊಂಡರೆ ನರಮಂಡಲ, ಮೂತ್ರಪಿಂಡಗಳು ಹಾಳಾಗುತ್ತವೆ. ಹೃದಯಕ್ಕೆ ಬಲ ಕೊಡುವುದೆಂದು ಬಳಸುವ ಫು ಜಿ ಇನ್ನೊಂದು. ಅದು ನಮ್ಮ ವತ್ಸನಾಭಿಯ ಕುಲದ್ದು. ಸರಿಯಾಗಿ ಸಂಸ್ಕರಿಸದಿದ್ದರೆ ಅದರ ವಿಷವೇ ಮಾರಣಾಂತಿಕ ತಾಳದೋಷ ಉಂಟುಮಾಡುತ್ತದೆ.

ಪುರಾವೆ ಎಷ್ಟಿದೆ?

ಎಲಚಿ ಬೀಜದಲ್ಲಿರುವ ಜುಜುಬೋಸೈಡ್, ಸ್ಪಿನೋಸಿನ್ ಎಂಬ ಸಂಯುಕ್ತಗಳು ಇಲಿಗಳಲ್ಲಿ ಮಂಪರು ತರುತ್ತವೆ, ಆತಂಕದ ನಡವಳಿಕೆಯನ್ನು ತಗ್ಗಿಸುತ್ತವೆ. ವೆನ್‌ಶಿನ್ ಕೆಲಿ ನಾಯಿಯ ಹೃದಯದ ಮೇಲ್ಕೋಣೆಗಳಲ್ಲಿ ಸೋಡಿಯಂ ಪ್ರವಾಹವನ್ನು ತಡೆದು ತಾಳದೋಷವನ್ನು ಅಡಗಿಸಿತೆಂದು ಅಮೆರಿಕದ ಪ್ರಯೋಗಾಲಯವೊಂದು 2012ರಲ್ಲಿ ಪ್ರಕಟಿಸಿತು. ಅಂದರೆ ಇವು ಬರಿಯ ಬಣ್ಣದ ನೀರಲ್ಲ. ಹೃದಯದ ವಿದ್ಯುತ್ತಿಗೆ ಕೈ ಹಾಕುವ ವಸ್ತುವನ್ನು ಯಾರೋ ಹೇಳಿದರೆಂದು ಕುಡಿಯಬಾರದು ಎನ್ನುವುದಕ್ಕೂ ಇದೇ ಕಾರಣ.

ಮನುಷ್ಯರ ಮೇಲಿನ ಅಧ್ಯಯನಗಳೂ ಸಾಕಷ್ಟಿವೆ, ಹೆಚ್ಚಿನವು ಚೀನಾದವು, ಹೆಚ್ಚಿನವು ಒಳ್ಳೆಯ ಫಲಿತಾಂಶವನ್ನೇ ಹೇಳುತ್ತವೆ. ಅವುಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶಕರ ದೂರು ಬಹುತೇಕ ಒಂದೇ: ರೋಗಿಗಳ ಸಂಖ್ಯೆ ಚಿಕ್ಕದು, ಅವಧಿ ಕಡಿಮೆ, ಯಾರಿಗೆ ಮದ್ದು, ಯಾರಿಗೆ ಮದ್ದಿನ ಅಂಶವಿಲ್ಲದ ಹುಸಿಮದ್ದು (ಪ್ಲಸೀಬೊ) ಎಂಬುದನ್ನು ಸರಿಯಾಗಿ ಮರೆಮಾಚಿಲ್ಲ. ಕಷಾಯದ ಕಹಿಯನ್ನೂ ವಾಸನೆಯನ್ನೂ ಹುಸಿಮದ್ದಿನಲ್ಲಿ ತರುವುದು ಸುಲಭವೂ ಅಲ್ಲ. ಆತಂಕದ ಎದೆಬಡಿತದಲ್ಲಿ ಇದು ಬಹಳ ಮುಖ್ಯವಾಗುತ್ತದೆ. ಈ ತೊಂದರೆ ತಾನಾಗಿಯೇ ಏರಿಳಿಯುವಂಥದ್ದು. ಯಾರೋ ತಾಳ್ಮೆಯಿಂದ ನಾಡಿ ಹಿಡಿದು ಮಾತು ಕೇಳಿಸಿಕೊಂಡರೇ ಅರ್ಧ ಇಳಿಯುವುದುಂಟು.

ಒಳ್ಳೆಯ ಪ್ರಯೋಗ ಮಾಡಲು ಬರುವುದೇ ಇಲ್ಲವೆಂದೇನಿಲ್ಲ. ಚಿಲಿ ಚಿಯಾಂಗ್‌ಶಿನ್ ಎಂಬ ಕ್ಯಾಪ್ಸೂಲನ್ನು 3,000ಕ್ಕೂ ಹೆಚ್ಚು ರೋಗಿಗಳಲ್ಲಿ ಹುಸಿಮದ್ದಿನೊಂದಿಗೆ ಹೋಲಿಸಿದ ವರದಿ 2024ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರುವುದು ಅಥವಾ ಹೃದಯದ ಕಾರಣಕ್ಕೆ ಸಾಯುವುದು ಹುಸಿಮದ್ದಿನ ಗುಂಪಿನಲ್ಲಿ ಸುಮಾರು ಶೇ 30 ಇದ್ದರೆ ಮದ್ದಿನ ಗುಂಪಿನಲ್ಲಿ ಸುಮಾರು ಶೇ 25. ಆದರೆ ಅವರೆಲ್ಲ ಹೃದಯದ ಶಕ್ತಿ ಕುಂದಿದ ರೋಗಿಗಳು, ಮಾಮೂಲಿ ಔಷಧಿಗಳ ಜೊತೆಗೆ ಇದನ್ನು ತೆಗೆದುಕೊಂಡವರು. ಆ ಫಲಿತಾಂಶವನ್ನು ಆತಂಕದ ಎದೆಬಡಿತಕ್ಕೆ ಎರವಲು ತರಲಾಗದು. ಆತಂಕಕ್ಕೆ ಇದಕ್ಕಿಂತ ಗಟ್ಟಿ ಆಧಾರವಿರುವ ದಾರಿ ಮಾತಿನ ಚಿಕಿತ್ಸೆ, ಅದರಲ್ಲೂ ಯೋಚನೆಯ ಜಾಡನ್ನು ಬದಲಿಸಲು ಕಲಿಸುವ ಸಿಬಿಟಿ. ಅಗತ್ಯ ಬಿದ್ದರೆ ಮನೋವೈದ್ಯರು ಕೊಡುವ ಮಾತ್ರೆಗಳಿವೆ.

ಪೊಟ್ಟಣ ಈಗಾಗಲೇ ಮನೆಯಲ್ಲಿದ್ದರೆ

ಎದೆಬಡಿತದ ಜೊತೆ ಪ್ರಜ್ಞೆ ತಪ್ಪಿದ್ದರೆ, ಎದೆನೋವು ಅಥವಾ ಉಬ್ಬಸವಿದ್ದರೆ, ಕೆಲಸ ಮಾಡುವಾಗಲೇ ಬಡಿತ ಶುರುವಾದರೆ, ನಾಡಿ ಅಡ್ಡಾದಿಡ್ಡಿಯಾಗಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಕಷಾಯದ ಮಾತು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು. ಏಟ್ರಿಯಲ್ ಫಿಬ್ರಿಲೇಶನ್ ಇದ್ದು ಅದನ್ನು ಆತಂಕವೆಂದುಕೊಂಡು ತಿಂಗಳುಗಟ್ಟಲೆ ಕಷಾಯ ಕುಡಿದರೆ ಆ ನಡುವೆ ಪಾರ್ಶ್ವವಾಯು ಬಡಿಯಬಹುದು.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಡಾನ್ ಶೆನ್, ಡಾಂಗ್ ಗುಯ್ ಎಂಬ ಹೆಸರುಗಳನ್ನು ನೆನಪಿಡಬೇಕು. ಹೃದಯದ ಹಲವು ಯೋಗಗಳಲ್ಲಿರುವ ಈ ಬೇರುಗಳು ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವ ಹೆಚ್ಚಬಹುದು. ಜಿನ್‌ಸೆಂಗ್ ಅದಕ್ಕೆ ವಿರುದ್ಧವಾಗಿ ವಾರ್ಫರಿನ್ ಬಲ ಕುಗ್ಗಿಸಬಹುದು. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿರುವವರು ದೂರವಿರುವುದು ಲೇಸು. ಹೆಸರಿನ ಅದಲುಬದಲೂ ಸಣ್ಣ ವಿಷಯವಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಫಾಂಗ್ ಜಿ ಎಂಬ ಚೀನೀ ಮೂಲಿಕೆಯ ಜಾಗದಲ್ಲಿ ಅದರ ಹೆಸರನ್ನೇ ಹೋಲುವ ಇನ್ನೊಂದು ವಿಷಕಾರಿ ಬೇರು ಸೇರಿಹೋಗಿ ನೂರರ ಸುಮಾರು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು.

ಸಿಂಗಪುರದಲ್ಲಿ ಚೀನೀ ವೈದ್ಯರು 2000ದ ಕಾಯ್ದೆಯ ಪ್ರಕಾರ ನೋಂದಾಯಿಸಿಕೊಳ್ಳಬೇಕು. ಅಲ್ಲಿರುವವರು ಅಂಗಡಿಯವನ ಮಾತಿಗಿಂತ ನೋಂದಾಯಿತ ವೈದ್ಯರನ್ನೇ ಕೇಳಬಹುದು. ಭಾರತದಲ್ಲಿ ಪರಿಸ್ಥಿತಿ ಬೇರೆ. ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಅಕ್ಯುಪಂಕ್ಚರ್‌ಗೆ ಮಾನ್ಯತೆ ಕೊಟ್ಟಿತು, ಆದರೆ ಚೀನಾದ ಮೂಲಿಕೆ ವೈದ್ಯ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಲ್ಲ. ಅಂತರಜಾಲದಲ್ಲಿ ತರಿಸಿಕೊಂಡ ಗುಳಿಗೆಯ ಒಳಗೇನಿದೆ ಎಂದು ಹೇಳುವ ಹೊಣೆ ಇಲ್ಲಿ ಯಾರ ಮೇಲೂ ಸಲೀಸಾಗಿ ಬರುವುದಿಲ್ಲ. ತೆಗೆದುಕೊಳ್ಳುತ್ತಿದ್ದರೆ ಪೊಟ್ಟಣದ ಎಲ್ಲ ಬದಿಗಳ ಫೋಟೊ ಹೃದ್ರೋಗ ತಜ್ಞರಿಗೆ ತೋರಿಸಿ, ಬಿಪಿ ಅಳೆಸಿ, ರಕ್ತದ ಪೊಟ್ಯಾಸಿಯಂ ಪರೀಕ್ಷಿಸಬೇಕೇ ಎಂದು ಕೇಳಿ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಕಷಾಯ ಸಿಕ್ಕಿತೆಂದು ಒಮ್ಮೆಲೇ ನಿಲ್ಲಿಸಬೇಡಿ. ಅವುಗಳಲ್ಲಿ ಹಲವನ್ನು ವಾರಗಟ್ಟಲೆ ನಿಧಾನವಾಗಿ ಇಳಿಸದಿದ್ದರೆ ಎದೆಬಡಿತ ಮೊದಲಿಗಿಂತ ಜೋರಾಗಿ ಮರಳಬಹುದು.